ಪದಚರ್ಚೆ: ದೋಣಿ ಸ್ಪರ್ಧೆಯ ‘ಅಮೆಚೂರ್’ಗೆ ‘ಹವ್ಯಾಸಿ’ ಸಾಕೇ?

ಎಲ್ಲರಿಗೂ ನಮಸ್ಕಾರ.

ಹತ್ತೊಂಬತ್ತನೇ ಶತಮಾನದ ಇಂಗ್ಲಿಷ್ ದೋಣಿ ಸ್ಪರ್ಧಿ ವಾಲ್ಟರ್ ಬ್ರಾಡ್‌ಫರ್ಡ್ ವುಡ್‌ಗೇಟ್ (ನಿಧನ 1920) ಬಗ್ಗೆ ಪುಟ್ಟ ಬರಹವೊಂದನ್ನು ಬರೆಯುತ್ತಿದ್ದೇನೆ. ಮೊದಲ ಸಾಲಿನಲ್ಲೇ ಸಿಕ್ಕಿಕೊಂಡಿದ್ದೇನೆ. ‘ವೃತ್ತಿಯಲ್ಲಿ ವಕೀಲ, ದೋಣಿ ಸ್ಪರ್ಧೆಯಲ್ಲಿ ಹವ್ಯಾಸಿ’ ಎಂದು ಬರೆದೆ. ಓದಿದರೆ ಭಾನುವಾರ ಸುಮ್ನೆ ದೋಣಿ ಬಿಡುತ್ತಿದ್ದ ಯಾರೋ ಅನ್ನಿಸುತ್ತೆ, ಅಲ್ವಾ?

ಈತ ಅಂಥವನಲ್ಲ. 1862 ಮತ್ತು 1863ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಪರವಾಗಿ ದೋಣಿಯ ಹುಟ್ಟು ಹಾಕಿ ಕೇಂಬ್ರಿಜ್ ಮೇಲೆ ಎರಡು ಸಲವೂ ಗೆದ್ದವನು. 1868ರಲ್ಲಿ, ಥೇಮ್ಸ್ ನದಿಯಲ್ಲಿ ನಡೆಯುವ ಹೆನ್ಲಿ ದೋಣಿ ಸ್ಪರ್ಧೆಯಲ್ಲಂತೂ ನಾಲ್ವರು ಹುಟ್ಟು ಹಾಕುವ ದೋಣಿಗೆ ಚುಕ್ಕಾಣಿಗನ (ಹುಟ್ಟು ಹಾಕದೆ ದಿಕ್ಕು ನೋಡುವ ‘ಕಾಕ್ಸ್’) ಭಾರ ಯಾಕೆ ಎಂದು ಯೋಚಿಸಿದ. ಪಂದ್ಯ ಶುರುವಾದ ಕೂಡಲೇ, ಮೊದಲೇ ಮಾತಾಡಿಕೊಂಡಂತೆ, ಚುಕ್ಕಾಣಿ ಹಿಡಿದಿದ್ದ ಫ್ರೆಡರಿಕ್ ವೆದರ್ಲಿ ನೀರಿಗೆ ಹಾರಿದ. ನೈದಿಲೆ ಬಳ್ಳಿಗೆ ಸಿಕ್ಕಿ ಮುಳುಗುವುದರಲ್ಲಿದ್ದ, ಹೇಗೋ ಬದುಕಿದ. ಹಗುರಾದ ದೋಣಿ ಮೊದಲು ಗುರಿ ಮುಟ್ಟಿತು, ಆದರೆ ಗೆಲುವು ರದ್ದಾಯಿತು. 1873ರಲ್ಲಿ ನಾಲ್ವರ ದೋಣಿಯ ಅದೇ ಪಂದ್ಯ ಚುಕ್ಕಾಣಿಗರಿಲ್ಲದ ದೋಣಿಗಳದ್ದೇ ಆಯಿತು!

ಇರಲಿ, ಪದಕ್ಕೆ ಬರುತ್ತೇನೆ. 1879ರ ಹೆನ್ಲಿ ನಿಯಮದ ಪ್ರಕಾರ ಕೂಲಿಗೆ ದೋಣಿ ಕೆಲಸ ಮಾಡಿದವನು ಅಮೆಚೂರ್ ಅಲ್ಲ. ಅಷ್ಟೇ ಅಲ್ಲ, ಸಂಬಳಕ್ಕೆ ಮೆಕ್ಯಾನಿಕ್, ಕಸುಬುದಾರ, ಕೂಲಿಯಾಳು ಆಗಿ ಎಲ್ಲೇ ದುಡಿದಿದ್ದರೂ ಅವನು ಅಮೆಚೂರ್ ಅಲ್ಲ. ಅಂದರೆ ಒಬ್ಬ ಬಡಗಿ ಒಂದು ಕಾಸೂ ಮುಟ್ಟದೆ, ಬರೀ ಪ್ರೀತಿಗೆ ಹುಟ್ಟು ಹಾಕಿದರೂ ಹೊರಗೆ. ವಕೀಲನ ಫೀಸಿಗೆ ಮಾತ್ರ ಅಡ್ಡಿಯಿಲ್ಲ. ಕೈಕೆಲಸದವರನ್ನು ಹೊರಗಿಟ್ಟ ಈ ಮಾತು 1937ರವರೆಗೂ ಉಳಿಯಿತು. ನನಗೆ ಇದು ಓದಿದಾಗಲೆಲ್ಲ ಸಂಕಟವಾಗುತ್ತದೆ.

ನಮ್ಮ ‘ಹವ್ಯಾಸಿ’ಯಲ್ಲಿ ಇಂಥ ಬೇಲಿ ಇಲ್ಲ. ಯಕ್ಷಗಾನದಲ್ಲಿ ಹವ್ಯಾಸಿ ಅಂದರೆ ಮೇಳದ ತಿರುಗಾಟಕ್ಕೆ ಹೋಗದವನು. ಹಗಲು ಬ್ಯಾಂಕಿನಲ್ಲಿ ಕೂತವನೂ ಹವ್ಯಾಸಿ, ಗಾರೆ ಕೆಲಸ ಮಾಡಿದವನೂ ಹವ್ಯಾಸಿ. ರಾತ್ರಿ ಬಣ್ಣ ಹಚ್ಚಿದರೆ ಆಯಿತು. ಹಾಗಾಗಿ ವುಡ್‌ಗೇಟ್‌ಗೆ ಈ ಪದ ಹಾಕಿದರೆ ಆ ಕಾಲದ ಅನ್ಯಾಯ ಮರೆಯಾಗುತ್ತೆ. ‘ಅಂಬಿಗ’ ಅನ್ನೋಣವೇ? ಅದು ಥೇಮ್ಸ್‌ನಲ್ಲಿ ಹೊಟ್ಟೆಪಾಡಿಗೆ ದೋಣಿ ನಡೆಸುತ್ತಿದ್ದವರಿಗೆ ಸಲ್ಲಬೇಕಾದ ಪದ. ನಿಯಮ ಹೊರಗಿಟ್ಟಿದ್ದೇ ಅವರನ್ನು.

ಸದ್ಯಕ್ಕೆ ‘ಅಮೆಚೂರ್’ ಎಂದೇ ಬಿಟ್ಟು ಪಕ್ಕದಲ್ಲಿ ಒಂದು ಸಾಲು ವಿವರಿಸಿದ್ದೇನೆ. ಬೆಂಗಳೂರಿನಲ್ಲಿ 1909ರಲ್ಲೇ ಅಮೆಚೂರ್ ಡ್ರಮ್ಯಾಟಿಕ್ ಅಸೋಸಿಯೇಷನ್ ಎಂಬ ನಾಟಕ ಸಂಘ ಹುಟ್ಟಿತ್ತು. ಪದ ನಮಗೆ ತೀರಾ ಹೊಸದೇನಲ್ಲ. ಇದಕ್ಕಿಂತ ಒಪ್ಪುವ ಕನ್ನಡ ಪದವನ್ನು ನೀವು ಎಲ್ಲಾದರೂ ಬಳಸಿದ್ದೀರಾ? ‘ಚುಕ್ಕಾಣಿಗ’ ಸರಿಯಿದೆಯಾ ಎಂದೂ ತಿಳಿಸಿ.