ಗೋಡೆಗೆ ಹಚ್ಚಿದ ಕಾಡುಗಲ್ಲು ಕಳಚಿ ಬೀಳ್ತಿದೆ, ಪೂರ್ತಿ ಕೀಳಿಸಬೇಕಾ?

ಪ್ರಶ್ನೆ:
ತುಮಕೂರಿನಲ್ಲಿ ನಮ್ಮ ಮನೆ. ಹೋದ ವರ್ಷ ಮುಂದಿನ ಗೋಡೆಗೆ ಅಡ್ಡಾದಿಡ್ಡಿ ಗ್ರಾನೈಟ್ ಚೂರುಗಳನ್ನು ಹಚ್ಚಿಸಿದೆವು. ಮೊನ್ನೆ ಮಳೆ ನಿಂತ ಮೇಲೆ ಎರಡು ಕಲ್ಲು ಬಿದ್ದವು. ಅಮ್ಮ ದಿನಾ ಅಲ್ಲೇ ಕೂತು ರಂಗೋಲಿ ಹಾಕುತ್ತಾರೆ, ನನಗೆ ಅದೇ ಭಯ. ಕಲ್ಲಿನ ಹಿಂದೆ ನಡುವೆ ಮಾತ್ರ ಒಂದು ಮುದ್ದೆ ಗಾರೆ, ಅದರ ಮೇಲೆ ಹಳದಿ ಪೇಂಟಿನ ಸಿಪ್ಪೆ.

ಉತ್ತರ 1:
ಆ ಸಿಪ್ಪೆಯೇ ಕಾರಣ ಹೇಳುತ್ತಿದೆ. ಗಾರೆ ಹಿಡಿದಿದ್ದು ಪೇಂಟನ್ನು, ಗೋಡೆಯನ್ನಲ್ಲ. 30 ಮಿ.ಮೀ. ದಪ್ಪದ ಗ್ರಾನೈಟ್ ಒಂದು ಚದರ ಮೀಟರಿಗೆ ಸುಮಾರು 80 ಕಿಲೋ ತೂಗುತ್ತದೆ. ಆ ಭಾರ ಪೇಂಟಿನ ಮೇಲೆ ನಿಲ್ಲಲ್ಲ. ನಾನು ಈ ಕೆಲಸ ಮಾಡಿಸುವಾಗ ಪೇಂಟ್ ಪೂರ್ತಿ ಕೆರೆಸಿ, ಅಂಟು ಹಿಡಿಯುವಷ್ಟು ಒರಟಾಗಲಿ ಅಂತ ಪ್ಲಾಸ್ಟರಿಗೆ ಕಚ್ಚು ಹೊಡೆಸುತ್ತೇನೆ. ಪ್ಲಾಸ್ಟರೇ ಟೊಳ್ಳಾಗಿದ್ದರೆ ಅದನ್ನೂ ತೆಗೆಸಬೇಕು. ಕಲ್ಲಿನ ಬೆನ್ನನ್ನು ಬ್ರಷ್‌ನಲ್ಲಿ ತಿಕ್ಕಿ ತೊಳೆಯಿರಿ, ಕ್ವಾರಿ ಧೂಳು ಇದ್ದರೆ ಯಾವ ಅಂಟೂ ಹಿಡಿಯಲ್ಲ. ಹೊರಗೋಡೆಗೆ ಅಂತಲೇ ಬರುವ ಪಾಲಿಮರ್ ಅಂಟನ್ನು ಗೋಡೆಗೂ ಕಲ್ಲಿಗೂ ಬಳಿಯಿರಿ. ಮೂಲೆಯಲ್ಲೂ ಖಾಲಿ ಬಿಡಬೇಡಿ. ತಲೆಗಿಂತ ಎತ್ತರದ ದೊಡ್ಡ ಕಲ್ಲಿಗೆ ಅದನ್ನು ಗೋಡೆಗೆ ಬಿಗಿದು ಹಿಡಿಯುವ ಸ್ಟೇನ್‌ಲೆಸ್ ಸ್ಟೀಲ್ ಕ್ಲಾಂಪ್ ಬೇಕೇ ಬೇಕು. ಮೊದಲು ನೆಲದ ಮೇಲೆ ಜೋಡಿಸಿ ನೋಡಿ, ನಾಲ್ಕು ಸಂದು ಒಂದೇ ಕಡೆ ಸೇರದಂತೆ.

ಉತ್ತರ 2:
ಗೋಡೆಯ ತಲೆಯನ್ನೂ ನೋಡಿ. ಅಲ್ಲಿ ಸಂದು ತೆರೆದಿದ್ದರೆ ನೀರು ಹಿಂದೆ ಇಳಿಯುತ್ತದೆ.

ಪ್ರಶ್ನೆ ಕೇಳಿದವರು:
ಸುತ್ತಿಗೆ ಹಿಡಿಯಿಂದ ಮೆಲ್ಲಗೆ ತಟ್ಟಿ ನೋಡಿದೆ. ಬಾಗಿಲ ಎಡಕ್ಕೆ ಹೆಚ್ಚೂಕಡಿಮೆ ಎಲ್ಲಾ ಕಲ್ಲೂ ಹಿಂದೆ ಟೊಳ್ಳಿರುವ ಹಾಗೆ ಡಬಡಬ ಅನ್ನುತ್ತಿವೆ. ಪೂರ್ತಿ ಕೀಳಿಸುತ್ತೇನೆ, ಕಲ್ಲು ಅದೇ ಬಳಸಬಹುದು ಅಲ್ವಾ?

ಉತ್ತರ 1:
ಖಂಡಿತ. ಹಳೇ ಗಾರೆ ಕೆತ್ತಿಸಿ ತೊಳೆಸಿ. ಅಲ್ಲಿವರೆಗೂ ರಂಗೋಲಿ ಗೇಟಿನ ಹತ್ತಿರ ಹಾಕಲಿ.