ಕಾರಿನ ಮುಂದಿನ ಗಾಜಿನ ಸ್ಕ್ರ್ಯಾಚ್ ತೆಗೆಯೋದಕ್ಕೆ ಏನಂತ ಬರೆಸೋದು? (ಬೋರ್ಡಿಗೆ, ಅರ್ಜೆಂಟ್)

ಎಲ್ರಿಗೂ ನಮಸ್ಕಾರ. ನನ್ನ ಭಾವಮೈದ ಹುಬ್ಬಳ್ಳಿಲಿ ಕಾರ್ ಪಾಲಿಶಿಂಗ್ ಅಂಗಡಿ ಹಾಕ್ತಿದಾನೆ, 2024ರ ತಿದ್ದುಪಡಿ ಆದ್ಮೇಲೆ ಬೋರ್ಡಲ್ಲಿ 60 ಪರ್ಸೆಂಟ್ ಕನ್ನಡ ಇರಲೇಬೇಕಲ್ಲ, ಪೇಂಟರ್ ನಾಳೆ ಬೆಳಿಗ್ಗೆ ಬರ್ತಾನೆ. ಕೆಲಸ ಏನಂದ್ರೆ, ವೈಪರ್ ರಬ್ಬರ್ ಸವೆದು ಅದರಡಿ ಮರಳು ಸಿಕ್ಕಿ ಗಾಜಿನ ಮೇಲೆ ಕಾಮನಬಿಲ್ಲಿನ ಹಾಗೆ ಸಣ್ಣ ಸಣ್ಣ ಗೆರೆ ಬೀಳುತ್ತಲ್ಲ, ರಾತ್ರಿ ಎದುರಿನ ಗಾಡಿ ಲೈಟ್ ಬಿದ್ರೆ ಅಷ್ಟೂ ಬೆಳಗಿ ರಸ್ತೆನೇ ಕಾಣಲ್ಲ, ಅದನ್ನ ಸೀರಿಯಂ ಆಕ್ಸೈಡ್ ಪುಡಿ ನೀರಲ್ಲಿ ಕಲಸಿ ಫೆಲ್ಟ್ ಪ್ಯಾಡಲ್ಲಿ ಉಜ್ಜಿ ಉಜ್ಜಿ ಹೋಗಿಸೋದು. "ಗಾಜಿನ ಗೆರೆ ತೆಗೆಯಲಾಗುವುದು" ಅಂತ ಬರೆದಿಟ್ಟಿದೀನಿ, ಸರಿನಾ?
– ಮೈಸೂರಿನಿಂದ

ಸರಿಯಿಲ್ಲ. ಗೆರೆಯನ್ನ ಯಾರೋ ಎಳೀಬೇಕು, ಗೀರು ತಾನಾಗೇ ಬೀಳುತ್ತೆ. ತರಚೋದು ಮಂಡಿ, ಪರಚೋದು ಬೆಕ್ಕು, ಗಾಜಿಗೆ ಗೀರೇ. ವಿಂಡ್‌ಸ್ಕ್ರೀನಿಗೆ "ಮುಂಗಾಜು" ಅನ್ನಿ, ಮುಂಗೈ ಮುಂಗಾಲು ಇದ್ದ ಹಾಗೆ. "ಗೀರುನಿವಾರಣೆ" ಅಂತ ಮಾತ್ರ ಬರೆಸಬೇಡಿ, ಕನ್ನಡಕ್ಕೆ ಸಂಸ್ಕೃತ ಅಂಟಿಸಿದ ಅರಿಸಮಾಸ.
– ಬೆಂಗಳೂರು

> ಮುಂಗಾಜು

ಗಾಜು ಅನ್ನೋದೇ ಸಂಸ್ಕೃತದ ಕಾಚದ ತದ್ಭವ ಅನ್ನೋದು ತಮಗೆ ಮರೆತ ಹಾಗಿದೆ. ಅಚ್ಚಗನ್ನಡದ ಹಟ ಇದ್ರೆ ಮೊದಲು ಅದನ್ನ ಬಿಡಿ, ಇಲ್ಲಾ ಮೂಲಕ್ಕೇ ಹೋಗಿ ಕಾಚ ಅನ್ನಿ. ಶಾಸ್ತ್ರೀಯವಾಗಿ "ಕಾಚಸಂಸ್ಕರಣ" ಆಗುತ್ತೆ.
– ಶೃಂಗೇರಿ

ಸ್ವಾಮಿ, ಕಾಚ ಉಜ್ಜಿ ಹೊಳಪು ಮಾಡಿಕೊಡ್ತೀವಿ ಅಂತ ಬೋರ್ಡ್ ಹಾಕಿದ್ರೆ ಲಾಂಡ್ರಿ ಅಂದ್ಕೊಂಡು ಗಂಟು ತಂದು ಇಳಿಸ್ತಾರೆ. ಇನ್ನು ತದ್ಭವಕ್ಕೆ ಕನ್ನಡ ಪದ ಸೇರಿದ್ರೆ ಅರಿಸಮಾಸ ಆಗಲ್ಲ, ಮುಂಗಾಜಿಗೆ ಏನೂ ದೋಷ ಇಲ್ಲ. ಮುಗೀತು.
– ಬೆಂಗಳೂರು

ಹೊಳಪು ಯಾಕೆ, "ಒಪ್ಪ" ಅಂತ ಚಂದದ ಹಳೇ ಪದ ಇದೆಯಲ್ಲ, ಒಡವೆಗೆ ಒಪ್ಪ ಇಡೋದು ಅನ್ನಲ್ವಾ? ಮುಂಗಾಜಿಗೆ ಒಪ್ಪ!
– ಶಿವಮೊಗ್ಗ

ನಮ್ಮ ಮಂಡ್ಯದ ಕಡೆ ಒಪ್ಪ ಮಾಡೋದು ಹೆಣಾನ.
– ಮಂಡ್ಯ

ಗೀರು ಗೆರಿ ಅಂತ ಬಡದಾಡಾಕತ್ತೀರಲ್ರೀ, ತೊಡಕು ಇರೋದು "ತೆಗೆ" ಅನ್ನೋದ್ರಾಗ. ಅಂಗಡಿ ಇರೋದು ಹುಬ್ಬಳ್ಳ್ಯಾಗ. ನಮ್ಮ ಕಡೆ ಚಿತ್ರಾ ತಗಿ ಅಂದ್ರ ಚಿತ್ರಾ ಬರಿ ಅಂತ. ಸಾಲ್ಯಾಗ ಮಾಸ್ತರು ನಕಾಶೆ ತಗೀರಿ ಅಂದ್ರ ನಾವು ಪೆನ್ಸಿಲ್ ಹಿಡಕೊಂಡು ಕೂಡ್ತಿದ್ವಿ. ಈಗ "ಗಾಜಿನ ಗೆರೆ ತೆಗೆಯಲಾಗುವುದು" ಅಂದ್ರ ರೊಕ್ಕಾ ತಗೊಂಡು ಗಾಜಿನ ಮ್ಯಾಲೆ ಗೆರಿ ಹೊಡದು ಕೊಡ್ತೀವಿ ಅಂದಂಗಾತು.
– ಧಾರವಾಡ

ಅದು ಮರಾಠಿ "ಕಾಢಣೆ"ಯ ನೆರಳು (ಅಲ್ಲಿ ತೆಗೆಯೋದಕ್ಕೂ ಚಿತ್ರ ಬಿಡಿಸೋದಕ್ಕೂ ಅದೇ ಪದ), ಕನ್ನಡದ ಪ್ರಯೋಗ ಅಲ್ಲ. ಪರಿಗಣಿಸೋ ಅಗತ್ಯ ಇಲ್ಲ.
– ಶೃಂಗೇರಿ

ಅಲ್ಲಾ? ನಿಮ್ಮ ಅರ್ಜಿ, ಜಮೀನು ಇವೆಲ್ಲಾ ಯಾವ ವೇದದಾಗ ಅದಾವ್ರೀ? ನೀವು ಫಾರ್ಸಿಯಿಂದ ತಂದ್ರ ಕನ್ನಡ, ನಾವು ಬಾಜೂದವರ ಮಾತು ಹಚ್ಚಿಕೊಂಡ್ರ ನೆರಳು. ಬೋರ್ಡ್ ಓದವ್ರು ನಾವು, ನೀವಲ್ಲ.
– ಧಾರವಾಡ

ಮಾರಾಯ್ರೆ, ಜಗಳದ ನಡುವೆ ಒಂದು ಮಾತು. ಅಪ್ಪನ ಗ್ಯಾರೇಜಲ್ಲಿ ಇದೇ ಕೆಲಸ ಮಾಡಿದ್ದೇನೆ. ಆ ಗೀರನ್ನ ಯಾರೂ "ತೆಗೆಯುವುದು" ಅಂತ ಇಲ್ಲ, ಸುತ್ತಲಿನ ಗಾಜನ್ನೇ ಸವೆಸಿ ಸವೆಸಿ ಗೀರಿನ ತಳಕ್ಕೆ ಇಳಿಸುವುದು, ಅಷ್ಟೆ. ಹಾಗಾಗಿ ಮೊದಲು ಉಗುರು ಆಡಿಸಿ ನೋಡುವುದು, ಉಗುರು ಸಿಕ್ಕಿಕೊಂಡರೆ ಮುಟ್ಟಲಿಕ್ಕೇ ಹೋಗುವುದಿಲ್ಲ, ಅಷ್ಟು ಆಳ ಒಂದೇ ಕಡೆ ಉಜ್ಜಿದರೆ ಗಾಜು ತಗ್ಗಾಗಿ ಎದುರಿನ ರಸ್ತೆ ನೀರಿನ ಒಳಗಿಂದ ನೋಡಿದ ಹಾಗೆ ಅಲೆಅಲೆ ಕಾಣುತ್ತದೆ. ನೀರು ಚಿಮುಕಿಸದೆ ಮಿಷನ್ ಓಡಿಸಿದರೆ ಕಾದು ಬಿರುಕೇ ಬಿಡಬಹುದು. ಕೆಲಸ ನೋಡಿದರೆ "ಸಾಣೆ" ಸರಿಯಾದ ಪದ. ಆದರೆ ಹಾಗೆ ಬರೆದರೆ ಕತ್ತಿ ಹಿಡಿದುಕೊಂಡು ಬಂದು ನಿಲ್ಲುತ್ತಾರೆ ಜನ! ಗಿರಾಕಿಗಳು ಹೇಳುವುದು "ಗ್ಲಾಸ್ ಪಾಲಿಶ್" ಅಂತಲೇ. ಅದನ್ನೇ ಕನ್ನಡ ಅಕ್ಷರದಲ್ಲಿ ಹಾಕಿ.
– ಮಂಗಳೂರು

ಇಂಗ್ಲಿಷನ್ನ ಕನ್ನಡ ಲಿಪಿಲಿ ಬರೆಯೋದಕ್ಕೆ ಇಷ್ಟು ಜನ ಬೇಕಿತ್ತಾ?
– ಬೆಂಗಳೂರು

ಎಲ್ರಿಗೂ ಥ್ಯಾಂಕ್ಸ್. ತೆಗೆ ಕೈಬಿಟ್ಟೆ, ಧಾರವಾಡದವರು ಹೇಳದೇ ಇದ್ದಿದ್ರೆ ಮಾನ ಹೋಗ್ತಿತ್ತು. ಬರೆಸಿದ್ದು: "ಮುಂದಿನ ಗಾಜಿನ ಗೀರಿಗೆ ಪಾಲಿಶ್". ಮುಂಗಾಜು ಅಂತಲೇ ಕೊಟ್ಟಿದ್ದೆ ಸರ್, ಪೇಂಟರ್ ಓದಿ "ಮುಂಗಾರು ಅಲ್ವಾ?" ಅಂದ, ಭಾವಮೈದ ಬೇಡ ಅಂದುಬಿಟ್ಟ.
– ಮೈಸೂರಿನಿಂದ

> ಗೀರಿಗೆ ಪಾಲಿಶ್

ಪಾಲಿಶ್ ಗಾಜಿಗೋ ಗೀರಿಗೋ? ಗೀರಿಗೆ ಪಾಲಿಶ್ ಕೊಟ್ರೆ ಗೀರು ಇನ್ನೂ ಹೊಳೆಯುತ್ತೆ. ವಿಭಕ್ತಿ ನೋಡ್ಕೊಳ್ಳಿ.
– ಶೃಂಗೇರಿ