‘ತಾಪ ವಿಲೋಮ’ ಅಂದ್ರೆ ಉಲ್ಟಾ ಅರ್ಥ ಬರ್ತದಲ್ವಾ?

ಎಲ್ಲರಿಗೂ ನಮಸ್ಕಾರ. ಎರಡು ದಿನದಿಂದ ಒಂದು ಪದ ತಲೆ ತಿನ್ನುತ್ತಾ ಉಂಟು. ಉಷ್ಣವಲಯದ ದೊಡ್ಡ ಊರುಗಳಲ್ಲಿ ಗಾಳಿ ಯಾಕೆ ಕೆಡುತ್ತದೆ ಅಂತ ಸಣ್ಣ ಲೇಖನ ಬರೆಯುತ್ತಿದ್ದೇನೆ. ಅದರಲ್ಲಿ ಟೆಂಪರೇಚರ್ ಇನ್ವರ್ಷನ್ ಬಂತು, ಅಂದ್ರೆ ನೆಲದ ಹತ್ತಿರದ ಗಾಳಿ ತಣ್ಣಗಿದ್ದು ಮೇಲಿನದು ಬೆಚ್ಚಗಿರುವುದು. ‘ತಾಪ ವಿಲೋಮ’ ಅಂತ ಬರೆದೆ. ಹೈಸ್ಕೂಲಿನ ಮಗಳು ಓದಿ ಕೇಳಿದಳು: “ವಿಲೋಮ ಅಂದ್ರೆ ಒಂದು ಹೆಚ್ಚಾದ್ರೆ ಇನ್ನೊಂದು ಕಡಿಮೆ ಆಗುವುದಲ್ವಾ ಅಪ್ಪ? ಹಾಗಾದ್ರೆ ಮೇಲೆ ಹೋದ ಹಾಗೆ ತಂಪಾಗುವುದೇ ತಾಪ ವಿಲೋಮ.”

ಉತ್ತರ ಹೊಳೆಯಲಿಲ್ಲ. ಗಣಿತದ ‘ವಿಲೋಮ ಅನುಪಾತ’ ಹೇಳುವುದೂ ಅದನ್ನೇ, ಮಾಮೂಲಿ ದಿನ ಗಾಳಿ ಇರುವುದೂ ಹಾಗೆಯೇ. ಒಂದು ಕಿಲೋಮೀಟರ್ ಮೇಲೆ ಹೋದರೆ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ತಂಪು. ನಾನು ಹೇಳಬೇಕಾದದ್ದು ಇದು ತಿರುಗಿ ಬೀಳುವ ಕಥೆ: ಮೋಡ ಇಲ್ಲದ, ಗಾಳಿ ಆಡದ ರಾತ್ರಿ ನೆಲ ಬೇಗ ಆರುತ್ತದೆ, ನೆಲಕ್ಕೆ ತಾಗಿದ ಗಾಳಿಯೂ ತಣ್ಣಗಾಗುತ್ತದೆ, ಅದರ ಮೇಲಿನದು ಬೆಚ್ಚಗೇ ಉಳಿಯುತ್ತದೆ. ತಣ್ಣನೆ ಗಾಳಿ ಭಾರ, ಮೇಲೇಳುವುದಿಲ್ಲ. ಅದರೊಳಗಿನ ಹೊಗೆಯೂ ಅಲ್ಲೇ ಬಾಕಿ. ಮೆಕ್ಸಿಕೋ ಸಿಟಿಗೆ ಚಳಿಗಾಲದಲ್ಲಿ ಇದೇ ಗೋಳು. ಊರು ಇರುವುದು ಸುಮಾರು 2,240 ಮೀಟರ್ ಎತ್ತರದಲ್ಲಿ, ಆದರೆ ಸುತ್ತ ಬೆಟ್ಟ, ಬಟ್ಟಲಿನ ತಳದ ಹಾಗೆ. (ದೆಹಲಿಯನ್ನೂ ಸೇರಿಸಿದ್ದೆ, ಆಮೇಲೆ ತೆಗೆದೆ. ಅದು ಕರ್ಕಾಟಕ ವೃತ್ತದಿಂದ ಉತ್ತರಕ್ಕೆ, ಉಷ್ಣವಲಯದ ಹೊರಗೆ ಅಲ್ವಾ.)

ಪತ್ರಿಕೆಯವರ ‘ಹೊಗೆಮಂಜು’ ಒಳ್ಳೆಯ ಪದವೇ. ಆದರೆ ಅದು ಕೊನೆಗೆ ಕಣ್ಣಿಗೆ ಕಾಣುವ ವಸ್ತು, ಕಾರಣದ ಹೆಸರಲ್ಲ. ‘ಬಿಸಿ ಮುಚ್ಚಳ’ ಅಂತ ಒಬ್ಬ ಗೆಳೆಯರು ಹೇಳಿದರು. ಕೇಳಲಿಕ್ಕೆ ಚಂದ, ಆದರೆ ಓದುವವರಿಗೆ ಕುಕ್ಕರ್ ನೆನಪಾಗುತ್ತದೆ, ಕೆಳಗಿನದ್ದೇ ತಣ್ಣಗಿದೆ ಅನ್ನುವುದು ಹೊಳೆಯುವುದಿಲ್ಲ.

ಇಷ್ಟರಲ್ಲಿ ನೆನಪಾದದ್ದು ಉಡುಪಿ ಹತ್ತಿರದ ನಮ್ಮ ಹಳೆ ಮನೆ. ಜನವರಿ ಬೆಳಿಗ್ಗೆ ಆರು ಗಂಟೆಗೆ ಬಚ್ಚಲೊಲೆಗೆ ತೆಂಗಿನ ಮಡಲು ತುರುಕಿ ಹಂಡೆ ಕಾಯಿಸಲಿಕ್ಕೆ ಇಟ್ಟರೆ ಹೊಗೆ ಹಂಚಿನ ಸಂದಿಯಿಂದ ನೆಟ್ಟಗೆ ಏಳುತ್ತಿತ್ತು, ಅಡಿಕೆ ಮರದ ಅರ್ಧಕ್ಕೆ ಬಂದು ಯಾರೋ ಅಂಗೈ ಅಡ್ಡ ಹಿಡಿದ ಹಾಗೆ ನಿಂತು, ಅಲ್ಲಿಂದ ಚಾಪೆ ಬಿಡಿಸಿದಂತೆ ಅಡ್ಡಕ್ಕೆ ಹರಡಿ ಗದ್ದೆ ಮೇಲೆ ತೆಳ್ಳಗೆ ಉಳಿಯುತ್ತಿತ್ತು. ಅಮ್ಮ “ಹೊಗೆ ಮಲಗಿದೆ, ಬಟ್ಟೆ ಈಗಲೇ ಒಣಗಿಸಬೇಡ” ಅನ್ನುತ್ತಿದ್ದರು. ಬಿಸಿಲು ಏರಿ ನೆಲ ಕಾದ ಮೇಲೆ ಅದೇ ಹೊಗೆ ಎದ್ದು ಹೋಗುತ್ತಿತ್ತು. ಅಮ್ಮನಿಗೆ ವಾಯುಗೋಳದ ಪಾಠ ಯಾರೂ ಮಾಡಿರಲಿಲ್ಲ, ಸುಮ್ನೆ ನೋಡಿ ಗೊತ್ತು.

ಈಗ ಕೇಳುವುದು ಇಷ್ಟು. ‘ಹೊಗೆ ಮಲಗುವುದು’ ನಮ್ಮ ಮನೆಯ ಮಾತು ಮಾತ್ರವಾ, ಬೇರೆ ಕಡೆಯೂ ಉಂಟಾ? ತುಳುವಿನಲ್ಲಿ ಮಂಜಿಗೆ ‘ಮೈಂದ್’ ಅನ್ನುತ್ತೇವೆ, ಹೀಗೆ ನಿಂತ ಹೊಗೆಗೆ ಬೇರೆ ಪದ ಇದ್ದರೆ ತಿಳಿಸಿ. ಕುಂದಾಪುರದವರು, ಹವ್ಯಕರು ಏನು ಹೇಳುತ್ತೀರಿ? ಸದ್ಯಕ್ಕೆ ಲೇಖನದಲ್ಲಿ ‘ತಾಪ ತಿರುವು’ ಅಂತ ಹಾಕಿದ್ದೇನೆ. ಮಗಳಿಗೆ ಅದೂ ಹಿಡಿಸಿಲ್ಲ, ಘಾಟಿ ರಸ್ತೆಯ ಬೋರ್ಡಿನ ಹಾಗೆ ಉಂಟಂತೆ.